ಮೂರನೇ ತುಕಡಿ ಎಲ್ಲಿಗೆ ಹೋಯಿತು

ಜನವರಿ 11

ದೊಡ್ಡಪ್ಪನವರಿಗೆ ನಮಸ್ಕಾರಗಳು.

ಲಕೋಟೆಯ ಹಿಂದಿನ ವಿಳಾಸ ನೋಡಿ ನಾನು ಯಾರೆಂದು ನಿಮಗೆ ತಿಳಿಯಲಿಕ್ಕಿಲ್ಲ. ನಾನು ನಿಮ್ಮ ತಮ್ಮನ ಮಗಳು. ಅಜ್ಜಿ ತೀರಿಕೊಂಡಾಗ ನೀವು ಬಂದು ಬಾಗಿಲಲ್ಲೇ ನಿಂತು, ಚಪ್ಪಲಿಯನ್ನೂ ಬಿಡದೆ ಹೊರಟುಹೋದಿರಲ್ಲ, ಆಗ ಮೆಟ್ಟಿಲ ಮೇಲೆ ಕೂತು ನಿಮ್ಮನ್ನೇ ನೋಡುತ್ತಿದ್ದ ಹುಡುಗಿ. ಮನೆಯಲ್ಲಿ ನನ್ನನ್ನು ಗುಬ್ಬಿ ಎನ್ನುತ್ತಾರೆ. ಈಗ ನಲವತ್ತಾಗುತ್ತ ಬಂತು, ಹೆಸರು ಮಾತ್ರ ಹಾರಿಹೋಗಿಲ್ಲ.

ಸುತ್ತಿ ಬಳಸಿ ಹೇಳುವುದಿಲ್ಲ, ನಿಮ್ಮಿಂದ ಒಂದು ಕೆಲಸವಾಗಬೇಕು. ನಾನು ಕಂಪ್ಯೂಟರ್ ಆಟಗಳನ್ನು ತಯಾರಿಸುವ ಚಿಕ್ಕ ಕಚೇರಿಯೊಂದರಲ್ಲಿದ್ದೇನೆ. ಮೂರು ಜನ, ಎರಡು ಕೋಣೆ, ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಒಂದು ಫ್ಯಾನು. ಸೇತುವೆಯ ಕಾಳಗವನ್ನು ಆಟವಾಗಿ ಮಾಡುತ್ತಿದ್ದೇವೆ. ಯಾವ ಸೇತುವೆ ಎಂದು ನಿಮಗೆ ಹೇಳಬೇಕಾಗಿಲ್ಲ. ಆ ಊರಿನ ಮ್ಯೂಸಿಯಂನವರು ಏಪ್ರಿಲ್‌ನಲ್ಲಿ, ಕಾಳಗದ ನೆನಪಿನ ದಿನ ಅದನ್ನು ಜನರ ಮುಂದಿಡುತ್ತಾರೆ. ಪರದೆಯ ಮೇಲೆ ನದಿ, ಸೇತುವೆ, ಈಚೆ ದಡದಲ್ಲಿ ಊರಿನ ಪಡೆ, ಆಚೆ ದಡದಲ್ಲಿ ಊರನ್ನು ಮುತ್ತಿದವರು. ಒಂದು ಪಡೆಯನ್ನು ನೀವು ನಡೆಸಬೇಕು, ಇನ್ನೊಂದನ್ನು ಕಂಪ್ಯೂಟರ್ ನಡೆಸುತ್ತದೆ.

ನಮ್ಮ ಕಂಪ್ಯೂಟರಿಗೆ ಹುಟ್ಟಿನಿಂದಲೇ ಯುದ್ಧ ಬರುವುದಿಲ್ಲ. ಜನ ಆಡಿದ್ದನ್ನು ನೋಡಿ ನೋಡಿ ಕಲಿಯುತ್ತದೆ. ಅವರು ಆಡಿದಂತೆ ಆಮೇಲೆ ತಾನೂ ಆಡುತ್ತದೆ. ಅದಕ್ಕೇ ಆ ದಿನ ಅಲ್ಲಿದ್ದವರ ಕೈಯಿಂದಲೇ ಆಡಿಸಬೇಕು ಎಂದು ನಮ್ಮ ಆಸೆ. ಊರಿನ ಪಡೆಯ ಕೆಲವು ಹಿರಿಯರು ಒಪ್ಪಿದ್ದಾರೆ. ಆಚೆ ದಡದವರು ಯಾರೂ ಸಿಗಲಿಲ್ಲ. ನೀವು ಆಚೆ ದಡದಲ್ಲಿದ್ದಿರಿ ಎನ್ನುವುದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರಿಗೂ ಗೊತ್ತಿರುವ ಸಂಗತಿ.

ಆಟ ಹೊರಬೀಳುವವರೆಗೆ ಇಂಟರ್ನೆಟ್ಟಿನಲ್ಲಿ ಕಳಿಸುವಂತಿಲ್ಲ ಎಂದು ಕಚೇರಿಯ ನಿಯಮ. ಅದಕ್ಕೆ ಪೆನ್‌ಡ್ರೈವ್ ಇಟ್ಟಿದ್ದೇನೆ. ಆಡಿ ಅದನ್ನೇ ಹಿಂದಿರುಗಿಸಿ, ನಾನು ಮತ್ತೊಂದು ಕಳಿಸುತ್ತೇನೆ. ನಿಮ್ಮ ಪಡೆಯನ್ನೇ ಆರಿಸಿಕೊಳ್ಳುತ್ತೀರಿ ಎಂದುಕೊಂಡಿದ್ದೇನೆ. ಅಮ್ಮನಿಗೆ ಈ ವಿಷಯ ಹೇಳಿಲ್ಲ.

ಗುಬ್ಬಿ


ಫೆಬ್ರವರಿ 2

ಗುಬ್ಬಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಹಳ ದಿನ ಮೇಜಿನ ಮೇಲೆ ಕೂತಿತ್ತು. ನಾನು ಅದನ್ನು ನೋಡುವುದು, ಅದು ನನ್ನನ್ನು ನೋಡುವುದು. ಸತ್ತಿದ್ದಾನೋ ಬದುಕಿದ್ದಾನೋ ಎಂದು ಕೇಳದ ಮನೆಯಿಂದ ಕಾಗದ ಬಂದರೆ ಮನುಷ್ಯ ಮೊದಲು ಏನೆಂದುಕೊಳ್ಳುತ್ತಾನೆ ಹೇಳು? ಯಾವುದಕ್ಕೋ ಸಹಿ ಬೇಕಾಗಿದೆ ಎಂದು. ಹಾಗಾಗಿ ಎಲ್ಲಾದರೂ ಸಹಿ ಹಾಕುವ ಜಾಗವಿದೆಯೇ ಎಂದು ಪೆನ್‌ಡ್ರೈವನ್ನೂ ತಿರುಗಿಸಿ ತಿರುಗಿಸಿ ನೋಡಿದೆ.

ಆಟ ಎನ್ನುತ್ತೀಯ, ಇರಬಹುದು. ಆಟದ ನೆಪದಲ್ಲಿ ಈ ಮುದುಕನ ಬಾಯಿಂದ ಏನಾದರೂ ಹೊರಡಿಸಬೇಕೆಂದಿದ್ದರೆ ಈಗಲೇ ಹೇಳಿಬಿಡು. ಅಮ್ಮನಿಗೆ ಹೇಳಿಲ್ಲ ಎಂದು ಬರೆದಿದ್ದೀಯ. ಕೇಳದೆಯೇ ಹೇಳಿದ ಮಾತನ್ನು ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಬಸ್ಸು ಓಡಿಸುವಾಗಲೂ ಹಾಗೆಯೇ, ಬ್ರೇಕು ಸರಿಯಿದೆ ಎಂದು ತಾನಾಗಿ ಹೇಳುವ ಮೆಕ್ಯಾನಿಕ್ಕಿನ ಬಸ್ಸನ್ನು ನಾನು ಎರಡು ಸಲ ನೋಡಿಯೇ ಹತ್ತುತ್ತಿದ್ದೆ.

ನನ್ನ ಹತ್ತಿರ ಕಂಪ್ಯೂಟರ್ ಇಲ್ಲ. ಕೆಳಗಿನ ಜೆರಾಕ್ಸ್ ಅಂಗಡಿಯಾಕೆ ಮಧ್ಯಾಹ್ನ ಗಿರಾಕಿಗಳಿಲ್ಲದಾಗ ತನ್ನದನ್ನು ಬಿಟ್ಟುಕೊಡುತ್ತಾಳೆ. ಮೌಸ್ ಎನ್ನುವ ಆ ಇಲಿ ಹಿಡಿಯುವುದನ್ನು ಅವಳೇ ಕಲಿಸಿದಳು. ಜೀವಮಾನವೆಲ್ಲ ಸ್ಟೇರಿಂಗು ಹಿಡಿದ ಕೈ, ಅಷ್ಟು ಸಣ್ಣದನ್ನು ತಿರುಗಿಸಲು ನಾಚಿಕೆಯಾಗುತ್ತದೆ.

ಆಡಿದೆ, ಸೋತೆ. ಮತ್ತೆ ಆಡಿದೆ, ಮತ್ತೆ ಸೋತೆ. ಅಂಗಡಿಯಾಕೆಗೆ ನನ್ನ ಮೇಲೆ ಕನಿಕರ ಹುಟ್ಟಿದೆ. ಎಲ್ಲವೂ ಪೆನ್‌ಡ್ರೈವಿನಲ್ಲಿದೆ, ನೋಡಿಕೋ. ಇನ್ನೊಂದು ಕಳಿಸುವುದಾದರೆ ಕಳಿಸು, ಬೇಡ ಎನ್ನುವುದಿಲ್ಲ.

ನಿನ್ನ ದೊಡ್ಡಪ್ಪ


ಫೆಬ್ರವರಿ 12

ದೊಡ್ಡಪ್ಪನವರಿಗೆ ನಮಸ್ಕಾರ.

ಪೆನ್‌ಡ್ರೈವ್ ತಲುಪಿತು. ಇನ್ನೊಂದು ಕಳಿಸಿದ್ದೇನೆ. ಸಹಿಯ ಜಾಗ ಇದರಲ್ಲೂ ಇಲ್ಲ.

ಎರಡು ವಿಷಯ ಕೇಳಬೇಕು. ಮೊದಲನೆಯದು, ನೀವು ಊರಿನ ಪಡೆಯನ್ನು ಆರಿಸಿಕೊಂಡಿದ್ದೀರಿ, ಅದೂ ಪ್ರತಿ ಸಲ. ಆಚೆ ದಡದವರನ್ನು ಒಮ್ಮೆಯೂ ಮುಟ್ಟಿಲ್ಲ. ತಪ್ಪಿ ಒತ್ತಿದಿರಾ? ಮೊದಲ ಪರದೆಯಲ್ಲಿ ನೀಲಿ ಬಣ್ಣ ಊರಿನದು, ಕಂದು ಬಣ್ಣ ನಿಮ್ಮದು.

ಎರಡನೆಯದು ನಮಗೆ ದೊಡ್ಡ ತಲೆನೋವಾಗಿದೆ. ನಿಮ್ಮ ಆಟಗಳಲ್ಲಿ ಮೂರನೇ ತುಕಡಿ ನಕ್ಷೆಯಿಂದಲೇ ಮಾಯವಾಗುತ್ತಿದೆ. ಸೇತುವೆಯ ಪಕ್ಕದ ಗಿರಣಿಯಲ್ಲಿ ಇರಬೇಕಾದವರು ಅವರು. ಆಟ ಮುಗಿಯುವಾಗಿನ ಲೆಕ್ಕದಲ್ಲಿ ಸತ್ತವರ ಕಡೆಗೂ ಇಲ್ಲ, ಉಳಿದವರ ಕಡೆಗೂ ಇಲ್ಲ. ಇದು ಪ್ರೋಗ್ರಾಮಿನ ತಪ್ಪೇ ಇರಬೇಕು, ನಾವು ಬಗ್ ಎನ್ನುತ್ತೇವೆ. ನಾನೂ ಜೊತೆಯ ಇಬ್ಬರೂ ಊಟ ಬಿಟ್ಟು ಹುಡುಕುತ್ತಿದ್ದೇವೆ. ನಕ್ಷೆ ಬರೆದವನು ಪ್ರೋಗ್ರಾಂ ಬರೆದವನನ್ನು ಬೈಯುತ್ತಾನೆ, ಅವನು ನಿಮ್ಮ ಜೆರಾಕ್ಸ್ ಅಂಗಡಿಯ ಹಳೇ ಕಂಪ್ಯೂಟರನ್ನು ಬೈಯುತ್ತಾನೆ. ನೀವು ಮೊದಲು ಯಾವ ಗುಂಡಿ ಒತ್ತುತ್ತೀರಿ, ಆಮೇಲೆ ಯಾವುದು, ನೆನಪಿದ್ದಷ್ಟು ಬರೆಯಿರಿ.

ಮೂರನೇ ತುಕಡಿ ಎಂದರೆ ನನಗೆ ಬರೀ ಒಂದು ತುಕಡಿಯಲ್ಲ. ಅಪ್ಪ ಇದ್ದದ್ದು ಅದರಲ್ಲೇ. ಗಿರಣಿಯಿಂದ ಅವರು ಕದಲಲಿಲ್ಲ, ಅದರಿಂದಲೇ ಸೇತುವೆ ಉಳಿಯಿತು, ಊರು ಗೆದ್ದಿತು. ತುಕಡಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಮ್ಯೂಸಿಯಂನ ಗೋಡೆಯ ಕಲ್ಲಿನಲ್ಲಿ ಎಲ್ಲರ ಹೆಸರಿದೆ. ಅಪ್ಪ ಅಲ್ಲಿದ್ದದ್ದು ನಿಮಗೆ ಆಗಲೇ ಗೊತ್ತಿತ್ತೋ, ಆಮೇಲೆ ತಿಳಿಯಿತೋ, ನಾನು ಯಾರಿಂದಲೂ ಕೇಳಿಲ್ಲ.

ಗುಬ್ಬಿ


ಮಾರ್ಚ್ 1

ಗುಬ್ಬಿಗೆ ಆಶೀರ್ವಾದ.

ಯಾವ ಗುಂಡಿ ಒತ್ತಿದೆನೋ ನೆನಪಿಲ್ಲ. ಎಡಗಡೆಯದ್ದಿರಬೇಕು. ಬಣ್ಣ ತಪ್ಪಿಲ್ಲ, ನನ್ನ ಕಣ್ಣು ಇನ್ನೂ ನೆಟ್ಟಗಿದೆ.

ಆಡಿದ್ದೇನೆ, ಈ ಸಲ ಸಾಕಷ್ಟು. ಪೆನ್‌ಡ್ರೈವ್ ಹಿಂದಿರುಗಿಸಿದ್ದೇನೆ. ಊಟ ಮುಗಿಸಿ ಕೆಳಗಿಳಿದರೆ ಸಂಜೆಯವರೆಗೆ ಅದೇ ಕೆಲಸ. ಅಂಗಡಿಯಾಕೆ ನಿನ್ನೆ, "ಯಜಮಾನ್ರೇ, ದಿನಾ ಸೋಲೋಕೆ ಇಷ್ಟು ಶ್ರದ್ಧೆ ಯಾಕೆ? ನಾನಾದ್ರೆ ಮೊದಲನೇ ದಿನವೇ ಬಿಟ್ಟಿರ್ತಿದ್ದೆ" ಎಂದಳು. ಅಭ್ಯಾಸವಾಗಿದೆ ತಾಯಿ ಎಂದೆ.

ನಾನೂ ಒಂದು ಕೇಳುತ್ತೇನೆ. ನಿನ್ನ ನಕ್ಷೆಯಲ್ಲಿ ಗಿರಣಿಯ ಹಿಂದಿನಿಂದ ಉತ್ತರಕ್ಕೆ ಒಂದು ರಸ್ತೆ ಹೋಗುತ್ತದೆ. ಸ್ವಲ್ಪ ದೂರ ಹೋಗಿ ಪರದೆಯ ಅಂಚಿಗೆ ಬಂದು ನಿಂತುಬಿಡುತ್ತದೆ. ಅದನ್ನು ಇನ್ನೂ ಮುಂದಕ್ಕೆ ಬರೆಯಲಾಗುವುದಿಲ್ಲವೇ? ಹೆಚ್ಚೇನು ಬೇಡ, ಆ ಗುಡ್ಡ ದಾಟಿ ತಿರುಗುವವರೆಗೆ. ಬಿಳಿ ಹಾಳೆಯ ಹಾಗೆ ಅಲ್ಲಿಗೆ ಎಲ್ಲ ಮುಗಿದರೆ ನೋಡುವವರಿಗೆ ಸಮಾಧಾನವಾಗುವುದಿಲ್ಲ.

ನಿಮ್ಮಮ್ಮ ಹೇಗಿದ್ದಾಳೆ? ಬರೆಯಬೇಕೆನ್ನಿಸಿದರೆ ಬರೆ.

ನಿನ್ನ ಅಪ್ಪ ಎಲ್ಲಿದ್ದ, ನನಗೆ ಯಾವಾಗ ತಿಳಿಯಿತು ಎನ್ನುವುದು ಆಟಕ್ಕೆ ಬೇಕಾದ ವಿಷಯವೇ? ಬೇಕಾಗಿದ್ದರೆ ಹಾಗೆಂದು ಬರೆ. ಬೇಡವಾಗಿದ್ದರೆ ಅದನ್ನು ಗುಂಡಿಗಳ ನಡುವೆ ಸಿಕ್ಕಿಸಬೇಡ.

ನಿನ್ನ ದೊಡ್ಡಪ್ಪ


ಮಾರ್ಚ್ 15

ದೊಡ್ಡಪ್ಪನವರಿಗೆ,

ಬಗ್ ಇಲ್ಲ. ನಾವು ಹುಡುಕಿದ್ದೆಲ್ಲ ದಂಡವಾಯಿತು.

ಯಾರು ಯಾವ ಸರದಿಯಲ್ಲಿ ಏನು ಮಾಡಿದರು ಎಂದು ಆಟವನ್ನು ಮೊದಲಿನಿಂದ ಮತ್ತೆ ಓಡಿಸಿ ನೋಡಬಹುದು. ಇದನ್ನು ಮೊದಲೇ ಮಾಡಬೇಕಿತ್ತು, ಆದರೆ ಒಬ್ಬ ಮನುಷ್ಯ ಬೇಕೆಂದೇ ಹೀಗೆ ಆಡುತ್ತಾನೆ ಎಂದು ನಮ್ಮ ಮೂವರಿಗೂ ಹೊಳೆಯಲಿಲ್ಲ. ತಪ್ಪಾಗಿದ್ದರೆ ಯಂತ್ರದ್ದೇ ಇರಬೇಕು ಎಂದು ನಂಬಿ ಬದುಕುವವರು ನಾವು. ನಿನ್ನೆ ಕೂತು ನಿಮ್ಮ ಆಟಗಳನ್ನು ಒಂದೊಂದಾಗಿ ನೋಡಿದೆ. ಎಲ್ಲದರಲ್ಲೂ ಅದೇ. ಆಟ ಶುರುವಾದ ಕೂಡಲೇ, ಒಂದು ಗುಂಡೂ ಹಾರುವ ಮೊದಲು, ನೀವು ಮೂರನೇ ತುಕಡಿಯನ್ನು ಗಿರಣಿಯಿಂದ ಎಬ್ಬಿಸಿ ಉತ್ತರದ ರಸ್ತೆಗೆ ಹಚ್ಚುತ್ತೀರಿ. ಅವರು ನಕ್ಷೆಯ ಅಂಚು ದಾಟಿ ಹೋಗುತ್ತಾರೆ. ಆಮೇಲೆ ಉಳಿದ ತುಕಡಿಗಳನ್ನು ಕೈಲಾದಷ್ಟು ಚೆನ್ನಾಗಿಯೇ ನಡೆಸುತ್ತೀರಿ, ಅದನ್ನು ಒಪ್ಪುತ್ತೇನೆ. ಆದರೆ ಗಿರಣಿ ಖಾಲಿಯಿರುವ ಸೇತುವೆಯನ್ನು ಯಾರೂ ಉಳಿಸಲಾರರು.

ಗುಂಡಿ ನೆನಪಿಲ್ಲ ಎಂದು ಬರೆದಿದ್ದೀರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನೀವು ಹೆಗಲನ್ನೂ ಮುಟ್ಟಲಿಲ್ಲ, ನನ್ನನ್ನೇ ಗದರಿಸಿದಿರಿ.

ಮಾತಿನಂತೆ ಇನ್ನೊಂದು ಪೆನ್‌ಡ್ರೈವ್ ಕಳಿಸಿದ್ದೇನೆ, ಆದರೆ ನಕ್ಷೆಯನ್ನು ಉತ್ತರಕ್ಕೆ ಬೆಳೆಸಲು ಆಗುವುದಿಲ್ಲ. ಅಲ್ಲಿ ಏನೂ ನಡೆಯಲಿಲ್ಲ, ಅದಕ್ಕೇ ಅಲ್ಲಿಗೆ ಕತ್ತರಿಸಿದ್ದೇವೆ. ನೀವು ಅದನ್ನು ಯಾಕೆ ಕೇಳುತ್ತಿದ್ದೀರಿ ಎನ್ನುವುದೂ ಈಗ ನನಗೆ ಅನುಮಾನ.

ಅಮ್ಮನಿಗೆ ಗೊತ್ತಾಗಿದೆ. ನಿಮ್ಮ ಲಕೋಟೆಯನ್ನು ನಾನು ಪುಸ್ತಕಗಳ ಕೆಳಗೆ ಇಟ್ಟಿದ್ದೆ, ಧೂಳು ಒರೆಸುವಾಗ ಸಿಕ್ಕಿತಂತೆ. ಬಿಚ್ಚಲಿಲ್ಲ, ಮೇಲಿನ ವಿಳಾಸ ನೋಡಿದಳು ಅಷ್ಟೆ. "ಆ ಮನುಷ್ಯನ ಅಕ್ಷರ ನಾನು ಕಣ್ಣು ಮುಚ್ಚಿದ್ರೂ ಗುರುತಿಸ್ತೀನಿ" ಎಂದಳು. ಆಮೇಲೆ ಒಲೆಯ ಕಡೆ ತಿರುಗಿಕೊಂಡು, ಯಾರಿಗೋ ಹೇಳುವ ಹಾಗೆ, ಅಣ್ಣತಮ್ಮ ಇಬ್ಬರೂ ಹೋದರು, ಊರು ಸುಡಲು ಬಂದವನು ತಿರುಗಿ ಬಂದ, ಕಾಯಲು ನಿಂತವನು ಬರಲಿಲ್ಲ ಎಂದಳು. ಈ ಮಾತನ್ನು ಚಿಕ್ಕಂದಿನಿಂದ ಕೇಳುತ್ತಲೇ ಬಂದಿದ್ದೇನೆ. ಅದರ ಅರ್ಥ ಏನೆಂದು ಕೇಳಿದವಳಲ್ಲ. ಈಗ ನಿಮ್ಮನ್ನೇ ಕೇಳುತ್ತಿದ್ದೇನೆ.

ಮೂರನೇ ತುಕಡಿಯನ್ನು ಯಾಕೆ ಓಡಿಸುತ್ತೀರಿ?

ಗುಬ್ಬಿ


ಏಪ್ರಿಲ್ 9

ದೊಡ್ಡಪ್ಪ,

ನೀವು ಉತ್ತರ ಬರೆಯಲಿಲ್ಲ. ಬರೆದಿದ್ದರೆ ಇವತ್ತು ಇದನ್ನು ಬರೆಯಬೇಕಾಗುತ್ತಿರಲಿಲ್ಲವೇನೋ.

ಮೊನ್ನೆ ಮ್ಯೂಸಿಯಂನಲ್ಲಿ ಆಟವನ್ನು ಜನರ ಮುಂದಿಟ್ಟೆವು. ಕಲ್ಲಿನ ಗೋಡೆಯ ಎದುರಿಗೇ ದೊಡ್ಡ ಪರದೆ. ಮುಂದಿನ ಸಾಲಿನಲ್ಲಿ ಊರಿನ ಪಡೆಯ ಹಿರಿಯರು, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಅದರ ಮೇಲೆ ಪದಕ ಚುಚ್ಚಿಕೊಂಡು. ಅವರ ಪಕ್ಕದಲ್ಲಿ ಅಮ್ಮ. ಎಂದೂ ಬಾರದವಳು ಈ ಸಲ ತಾನಾಗಿ ಬರುತ್ತೇನೆಂದಳು. ನನ್ನ ಮಗಳು ಮಾಡಿದ್ದು ಎಂದು ಪಕ್ಕದವರಿಗೆ ಹೇಳುವುದು ನನಗೆ ಕೇಳಿಸಿತು. ಆಚೆ ದಡವನ್ನು ಆಡಲು ಮ್ಯೂಸಿಯಂನ ಅಧಿಕಾರಿ ಕೂತರು. ಊರಿನ ಪಡೆ ಕಂಪ್ಯೂಟರಿನ ಪಾಲಿಗೆ.

ಆಟ ಶುರುವಾಯಿತು. ಕಂಪ್ಯೂಟರ್ ಮಾಡಿದ ಮೊದಲ ಕೆಲಸವೆಂದರೆ ಮೂರನೇ ತುಕಡಿಯನ್ನು ಗಿರಣಿಯಿಂದ ಎಬ್ಬಿಸಿದ್ದು. ಅಷ್ಟು ಜನರ ಎದುರಿಗೆ ನೀಲಿ ಚುಕ್ಕಿಗಳು ಸಾಲಾಗಿ ಉತ್ತರದ ರಸ್ತೆ ಹಿಡಿದು, ಅಂಚು ದಾಟಿ ಹೋದವು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಊರುಗೋಲಿನ ಹಿರಿಯರೊಬ್ಬರು ಎದ್ದು ನಿಂತು, ಕೂಗದೆ, ತುಂಬ ಮೆತ್ತಗೆ ಕೇಳಿದರು: "ಓಡಿಹೋದ್ರು ಅಂತ ತೋರಿಸ್ತಿದ್ದೀಯೇನಮ್ಮ?"

ತಪ್ಪು ನನ್ನದೂ ಇದೆ. ನಿಮ್ಮ ಆಟಗಳನ್ನು ಬಂದ ದಿನವೇ ಕಂಪ್ಯೂಟರಿಗೆ ಉಣಿಸಿದ್ದೆವು. ಊರಿನ ಪಡೆಯ ಹಿರಿಯರೆಲ್ಲ ಕಣ್ಣು ನೋಯುತ್ತದೆ ಎಂದು ಒಂದೋ ಎರಡೋ ಸಲ ಆಡಿ ಬಿಟ್ಟಿದ್ದರು. ನೀವು ದಿನವೂ ಆಡಿದಿರಿ. ಹೆಚ್ಚು ನೋಡಿದ್ದನ್ನೇ ಅದು ಕಲಿಯಿತು. ನಿಮ್ಮ ಉತ್ತರ ಬಂದ ಮೇಲೆ ತೆಗೆದುಹಾಕೋಣ ಎಂದು ಕಾದೆ. ಅಷ್ಟರಮಟ್ಟಿಗೆ ನಿಮ್ಮನ್ನು ನಂಬಿದ್ದೆ ಎಂದಾಯಿತು.

ಅಮ್ಮ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆಗೇ ನೋಡುತ್ತಿದ್ದಳು. ಇಳಿಯುವಾಗ ಒಂದೇ ಮಾತು: "ಅವನ ಹೆಸರು ಕಲ್ಲಿನ ಮೇಲಾದ್ರೂ ಇತ್ತು. ಅದನ್ನೂ ಅಳಿಸೋಕೆ ಬಂದ್ರಲ್ಲ."

ಮ್ಯೂಸಿಯಂನವರು ಆಟವನ್ನು ಸದ್ಯಕ್ಕೆ ಮುಚ್ಚಿದ್ದಾರೆ. ಅದು ಹೇಗಾದರೂ ಆಗಲಿ, ಇನ್ನು ಗುಂಡಿಗಳ ನಡುವೆ ಸಿಕ್ಕಿಸದೆ ನೇರವಾಗಿ ಕೇಳುತ್ತೇನೆ. ಸೋತ ಸಿಟ್ಟನ್ನು ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದಿರಾ? ನಿಮ್ಮ ಕಡೆಯವರನ್ನು ತಡೆದು ನಿಂತ ಸ್ವಂತ ತಮ್ಮನನ್ನು ಹೇಡಿ ಎನಿಸಿದರೆ ನಿಮ್ಮ ಸೋಲು ಹಗುರಾಗುತ್ತದೆಯೇ? ಅವನು ಗಿರಣಿಯಲ್ಲಿದ್ದಾನೆ ಎಂದು ಆ ದಿನ ನಿಮಗೆ ಗೊತ್ತಿತ್ತೇ?

ಪೆನ್‌ಡ್ರೈವ್ ಹಿಂದಕ್ಕೆ ಕಳಿಸಿ. ಉತ್ತರ ಬರೆಯುವುದೂ ಬಿಡುವುದೂ ನಿಮಗೆ ಸೇರಿದ್ದು.

ಗುಬ್ಬಿ


ಏಪ್ರಿಲ್ 24

ಗುಬ್ಬಿ,

ಪೆನ್‌ಡ್ರೈವ್ ಇದರ ಜೊತೆಗಿದೆ. ಅಂಗಡಿಯಾಕೆ ಅದನ್ನು ಒಂದು ಔಷಧಿ ಡಬ್ಬಿಯಲ್ಲಿಟ್ಟು ಕೊಟ್ಟಳು, ಗಾಬರಿಯಾಗಬೇಡ.

ನಾನು ಆಡಿದ್ದನ್ನು ನೋಡಿ ಯಂತ್ರ ಕಲಿಯುತ್ತದೆ ಎಂದು ನೀನು ಮೊದಲ ಕಾಗದದಲ್ಲೇ ಬರೆದಿದ್ದೆ. ಓದಿ ಮರೆತೆ. ಕೆಳಗಿನ ಅಂಗಡಿಯಲ್ಲಿ ಕೂತು ನಾನೊಬ್ಬನೇ ಆಡಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ಅದು ಅಷ್ಟು ಜನರ ಮುಂದೆ, ನಿಮ್ಮಮ್ಮನ ಮುಂದೆ ಹೋಗಿ ನಿಲ್ಲುತ್ತದೆ ಎಂದು ಗೊತ್ತಿದ್ದರೆ ನಾನು ಇಲಿ ಮುಟ್ಟುತ್ತಿರಲಿಲ್ಲ. ಇದಕ್ಕೆ ಕ್ಷಮೆ ಕೇಳುತ್ತೇನೆ.

ಉಳಿದದ್ದಕ್ಕೆ ಉತ್ತರ ಕೊಡುತ್ತೇನೆ. ಗೊತ್ತಿತ್ತು, ಗುಬ್ಬಿ. ಅವನು ಗಿರಣಿಯಲ್ಲಿದ್ದಾನೆ ಎಂದು ನನಗೆ ಗೊತ್ತಿತ್ತು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ನಾವಿಬ್ಬರೂ ಹಾಗೆ. ಎತ್ತು ಯಾರು, ಕೋಣ ಯಾರು ಎಂದು ನಮ್ಮಮ್ಮ ಸಾಯುವವರೆಗೂ ತೀರ್ಮಾನ ಮಾಡಲಿಲ್ಲ. ಅವನು ಊರಿನ ಕಡೆ ಹೋದ, ನಾನು ಇನ್ನೊಂದು ಕಡೆ ಹೋದೆ. ಯಾಕೆ ಎಂದು ಬರೆಯಲು ಕೂತರೆ ಹಾಳೆ ಸಾಲದು. ಈಗ ಅದರಲ್ಲಿ ಅರ್ಧ ನನಗೇ ಮರೆತಿದೆ.

ಆಚೆಯವರಿಗೂ ಈಚೆಯವರಿಗೂ ಕುಡಿಯಲು ಇದ್ದದ್ದು ಅದೇ ನದಿ. ಬೆಳಗ್ಗೆ ನೀರು ತುಂಬುವ ಹೊತ್ತಿನಲ್ಲಿ ಯಾರೂ ಯಾರ ಮೇಲೂ ಗುಂಡು ಹಾರಿಸುತ್ತಿರಲಿಲ್ಲ. ಯಾರೂ ಮಾಡಿದ ಕಾನೂನಲ್ಲ, ಬಾಯಾರಿಕೆ ಮಾಡಿದ್ದು. ಕಾಳಗದ ಹಿಂದಿನ ದಿನ ನಾನು ಡಬ್ಬ ತೊಳೆಯುತ್ತಿದ್ದೆ. ಎದುರು ದಡದಲ್ಲಿ ಗಿರಣಿಯಿಂದ ಒಬ್ಬ ಎರಡು ಡಬ್ಬ ಹಿಡಿದು ಇಳಿದು ಬಂದ. ಅಂಗಿಯ ಒಂದು ತೋಳು ಮಡಚಿ, ಇನ್ನೊಂದನ್ನು ಮಡಚುವುದು ಮರೆತವನು. ಶಾಲೆಗೂ ಹಾಗೇ ಹೋಗುತ್ತಿದ್ದ. ಮುಖ ಕಾಣುವ ಮೊದಲೇ ಗೊತ್ತಾಯಿತು.

ನಾನು ಕೂಗಿದೆ. "ಹೋಗೋ ಮನೆಗೆ. ಅವಳಿಗೆ ದಿನ ತುಂಬ್ತಾ ಬಂತು, ಇಲ್ಲೇನು ಮಾಡ್ತಿದ್ದೀಯ?"

ಅವನು ಡಬ್ಬ ಕೆಳಗಿಟ್ಟ. "ನೀನು ಮೊದಲು ಹೋಗಣ್ಣ. ದೊಡ್ಡೋನು ನೀನು" ಎಂದ.

ಎರಡೂ ದಡದಲ್ಲಿ ನಗು. ನಾನೂ ನಕ್ಕೆ, ಅವನೂ ನಕ್ಕ. ಇಬ್ಬರೂ ನೀರು ತುಂಬಿಕೊಂಡು ನಮ್ಮ ನಮ್ಮ ಕಡೆ ಹೋದೆವು. ಅಷ್ಟೇ ನಡೆದದ್ದು. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನಮ್ಮಮ್ಮ ಹೋದಾಗ ಹೇಳೋಣ ಎಂದೇ ನಿಮ್ಮ ಬಾಗಿಲಿಗೆ ಬಂದಿದ್ದೆ. ನಿಮ್ಮಮ್ಮನ ಮುಖ ನೋಡಿದೆ, ಹಾಗೇ ತಿರುಗಿ ಹೊರಟೆ. ನಗುತ್ತಿದ್ದೆವು ಎಂದು ಅವಳಿಗೆ ಹೇಗೆ ಹೇಳುವುದು?

ಮರುದಿನ ನಾನು ಮದ್ದುಗುಂಡಿನ ಲಾರಿ ಓಡಿಸಿದೆ. ಯಾವ ಪೆಟ್ಟಿಗೆ ಯಾವ ಫಿರಂಗಿಗೆ ಹೋಯಿತು, ಯಾವುದು ಗಿರಣಿಯ ಮೇಲೆ ಬಿತ್ತು, ನನಗೆ ಗೊತ್ತಿಲ್ಲ. ನಾನು ಒಯ್ದದ್ದೇ ಎಂದರೂ ಸುಳ್ಳಾದೀತು, ನಾನು ಒಯ್ದದ್ದಲ್ಲ ಎಂದರೂ ಸುಳ್ಳಾದೀತು. ಇದಕ್ಕಿಂತ ಹೆಚ್ಚು ಕೇಳಬೇಡ.

ಓಡಿಹೋದ ಎಂದು ತೋರಿಸಿದಿರಿ ಎನ್ನುತ್ತೀಯ. ಅವನು ಓಡಲಿಲ್ಲ. ಓಡಲಿಲ್ಲವಲ್ಲ ಎನ್ನುವುದೇ ಇಷ್ಟು ವರ್ಷದಿಂದ ಅವನ ಮೇಲೆ ನನಗಿರುವ ಸಿಟ್ಟು. ಹುಟ್ಟಿದಾಗಿನಿಂದ ನನ್ನ ಒಂದು ಮಾತು ಕೇಳಿದವನಲ್ಲ. ಮರ ಹತ್ತಬೇಡ ಎಂದರೆ ಹತ್ತುತ್ತಿದ್ದ, ಇಳಿ ಎಂದರೆ ಮೇಲೇ ಕೂತಿರುತ್ತಿದ್ದ. ನೀನು ಆಟ ಕಳಿಸಿದೆ. ಗಿರಣಿಯ ಮೇಲೆ ಒತ್ತಿದರೆ ನೀಲಿ ಚುಕ್ಕಿ ಎದ್ದು ನಿಂತಿತು. ಹೋಗು ಎಂದೆ. ಹೋದ. ಗುಬ್ಬಿ, ನಿನ್ನ ಆಟದಲ್ಲಿ ಅವನು ನನ್ನ ಮಾತು ಕೇಳುತ್ತಾನೆ.

ಮೊದಲ ದಿನ ಅದನ್ನು ನೋಡಿ ನಾನು ಅತ್ತೆ. ಅಂಗಡಿಯಾಕೆ ಸೋತದ್ದಕ್ಕೆ ಅಳುತ್ತಿದ್ದೇನೆ ಎಂದುಕೊಂಡಳು. ಆಮೇಲೆ ದಿನವೂ ಹೋಗಿ ಅದೊಂದನ್ನೇ ಮಾಡಿದೆ. ಸೇತುವೆ ಯಾರ ಪಾಲಾದರೆ ನನಗೇನು?

ಆ ರಸ್ತೆಯನ್ನು ಯಾಕೆ ಮುಂದಕ್ಕೆ ಬರೆ ಎಂದೆ ಎನ್ನುವುದು ನಿನಗೆ ಅನುಮಾನ. ಅದು ಎಲ್ಲಿಗೆ ಹೋಗುತ್ತದೆ ಎಂದು ನಿಮ್ಮಮ್ಮನನ್ನು ಕೇಳು.

ನಿನ್ನ ದೊಡ್ಡಪ್ಪ


ಜೂನ್ 8

ದೊಡ್ಡಪ್ಪ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಸಿಟ್ಟು ಕಾರಣವಲ್ಲ. ಏನು ಬರೆಯಬೇಕೆಂದು ತಿಳಿಯಲಿಲ್ಲ.

ಮೊದಲು ಕಚೇರಿಯ ಸುದ್ದಿ. ನಿಮ್ಮ ಆಟಗಳನ್ನೆಲ್ಲ ತೆಗೆದುಹಾಕಿ ಕಂಪ್ಯೂಟರಿಗೆ ಹೊಸದಾಗಿ ಕಲಿಸಿದೆವು. ಊರುಗೋಲಿನ ಹಿರಿಯರು ನಮ್ಮ ಕಚೇರಿಗೇ ಬಂದು, ಆ ಫ್ಯಾನಿನ ಕೆಳಗೆ ವಾರವೆಲ್ಲ ಕೂತು ಆಡಿಕೊಟ್ಟರು. ಮ್ಯೂಸಿಯಂನ ಆಟದಲ್ಲಿ ಮೂರನೇ ತುಕಡಿ ಗಿರಣಿಯಲ್ಲೇ ಇರುತ್ತದೆ. ನಡೆದದ್ದು ಹಾಗೆ, ಅದನ್ನು ನಾನು ಬದಲಾಯಿಸುವಂತಿಲ್ಲ. ನಿಮ್ಮ ಪೆನ್‌ಡ್ರೈವನ್ನು ಮಾತ್ರ ಅಳಿಸಲಿಲ್ಲ. ಔಷಧಿ ಡಬ್ಬಿಯಲ್ಲೇ ಮನೆಯಲ್ಲಿದೆ.

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ನದಿಯ ಭಾಗ ಬಂದಾಗ ನಿಲ್ಲಿಸು ಎಂದಳು, ಆಮೇಲೆ ಅದನ್ನೇ ಮತ್ತೊಮ್ಮೆ ಓದಿಸಿದಳು. ಮುಗಿದ ಮೇಲೆ ಎದ್ದು ಹೋಗಿ, ಒಣಗಿದ ಬಟ್ಟೆ ಮಡಚತೊಡಗಿದಳು. "ಕಥೆ ಕಟ್ಟೋದ್ರಲ್ಲಿ ಇಬ್ಬರೂ ಜಾಣರೇ" ಎಂದಳು. ನಂಬಲಿಲ್ಲ ಎಂದುಕೊಂಡೆ. ರಸ್ತೆಯ ವಿಷಯ ಕೇಳುವ ಧೈರ್ಯವಾಗಲಿಲ್ಲ. ಅಮ್ಮನ ಅನುಮಾನವನ್ನು ನೀವು ಕಂಡಿಲ್ಲ. ಹಾಲಿನವನು ನಗುತ್ತ ಬಂದರೆ ಹಾಲಿಗೆ ನೀರು ಬಿದ್ದಿದೆ ಎನ್ನುವವಳು.

ಮೊನ್ನೆ ರಜೆ. ಮಧ್ಯಾಹ್ನ ನನ್ನ ಕುರ್ಚಿಯ ಹಿಂದೆ ಬಂದು ನಿಂತು, ಆ ಮನುಷ್ಯ ಆಡಿದ್ದನ್ನು ತನಗೂ ಕೊಡಬೇಕು ಎಂದಳು. ಅವನು ಹೇಳಿದ್ದು ನಿಜವೋ ಸುಳ್ಳೋ ತಾನೇ ನೋಡಬೇಕಂತೆ. ಡಬ್ಬಿಯಿಂದ ತೆಗೆದು ಹಾಕಿಕೊಟ್ಟೆ. ಕನ್ನಡಕ ಒರೆಸಿಕೊಂಡು ಕೂತಳು. ಗಿರಣಿ ಎಲ್ಲಿ ಎಂದು ಕೇಳಿದಳು, ತೋರಿಸಿದೆ. ಒತ್ತಿದಳು. ನೀಲಿ ಚುಕ್ಕಿ ಎದ್ದು ನಿಂತಿತು. ಅಮ್ಮ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಉತ್ತರದ ರಸ್ತೆಯ ಮೇಲೆ ಒತ್ತಿದಳು.

ಅವರು ಹೊರಟರು. ಅಂಚು ದಾಟಿದರು. ಅಮ್ಮ ಪರದೆಯ ಪಕ್ಕದ ಗೋಡೆಯನ್ನು ನೋಡಿದಳು, ಅಲ್ಲಿಗೆ ಬರುತ್ತಾರೇನೋ ಎನ್ನುವಂತೆ.

"ಎಲ್ಲಿಗೆ ಹೋದ್ರು?"

ನಕ್ಷೆ ಅಲ್ಲಿಗೆ ಮುಗಿಯುತ್ತದೆ ಎಂದೆ. ಉತ್ತರದಲ್ಲಿ ಏನೂ ನಡೆಯಲಿಲ್ಲ, ಅದಕ್ಕೇ ಕತ್ತರಿಸಿದೆವು ಎಂದೆ.

"ಏನೂ ನಡೀಲಿಲ್ವಾ?" ಅಮ್ಮ ನನ್ನ ಕಡೆ ತಿರುಗಲಿಲ್ಲ. "ಆ ಗುಡ್ಡ ದಾಟಿ ತಿರುಗಿದ್ರೆ ನಮ್ಮನೆ. ಅವತ್ತು ಇಡೀ ದಿನ ನಾನು ಬಾಗಿಲಲ್ಲಿ ನಿಂತಿದ್ದೆ. ನೀನು ಹೊಟ್ಟೇಲಿದ್ದೆ."

ನಾನು ಹುಟ್ಟಿದ ಮನೆಯನ್ನು ನಾನೇ ಕತ್ತರಿಸಿ ಎಸೆದಿದ್ದೇನೆ, ದೊಡ್ಡಪ್ಪ. ನನಗೆ ಗೊತ್ತಿರಲಿಲ್ಲ. ಕೂಸನ್ನೆತ್ತಿಕೊಂಡು ಅಮ್ಮ ಆ ಮನೆ ಬಿಟ್ಟವಳು ಅದರ ಮಾತೇ ಎತ್ತಿರಲಿಲ್ಲ.

ಆಟ ನಡೆಯುತ್ತಲೇ ಇತ್ತು. ಆಚೆಯವರು ಖಾಲಿ ಗಿರಣಿಗೆ ನುಗ್ಗಿದರು, ಸೇತುವೆ ದಾಟಿದರು. ಕೊನೆಗೆ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬಂತು, ನೀವು ಸೋತಿದ್ದೀರಿ ಎಂದು. ಅಮ್ಮ ಅದನ್ನು ಓದಿದಳು. "ಸೋತ್ರೆ ಸೋಲಲಿ ಬಿಡು" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಮೊದಲಿಂದ ಹಾಕಿಕೊಡು ಎಂದಳು. ಸಂಜೆಯವರೆಗೆ ಕೂತಿದ್ದಳು. ಅಡುಗೆ ನಾನೇ ಮಾಡಿದೆ.

ನಕ್ಷೆ ಬರೆಯುವವನಿಗೆ ಹೇಳಿ ಮನೆಯ ಆಟಕ್ಕೆ ಮಾತ್ರ ಉತ್ತರದಲ್ಲಿ ಒಂದಿಷ್ಟು ಜಾಗ ಕೂಡಿಸುತ್ತಿದ್ದೇನೆ. ಗುಡ್ಡದ ತಿರುವು ಎಡಕ್ಕೋ ಬಲಕ್ಕೋ ಎಂದು ಅಮ್ಮ ಒಂದು ಹೇಳುತ್ತಾಳೆ, ಆಮೇಲೆ ಇನ್ನೊಂದು ಹೇಳುತ್ತಾಳೆ. ನೀವು ಬಂದು ತೋರಿಸಬೇಕು.

ಇದು ನನ್ನ ಕರೆ ಮಾತ್ರವಲ್ಲ. ನಂಬಿದ್ದೇನೆ ಎಂದು ಬರೆಯಬೇಡ ಎಂದು ಅಮ್ಮ ಕಟ್ಟುನಿಟ್ಟಾಗಿ ಹೇಳಿದ್ದಾಳೆ. ನದಿಯ ಆಚೆಯಿಂದ ಕೂಗಿದ ಮಾತನ್ನು ಎದುರಿಗೆ ಕೂತು ಹೇಳಬೇಕು, ಮುಖ ನೋಡಿದ ಮೇಲೆ ನಂಬುವುದೋ ಬಿಡುವುದೋ ತೀರ್ಮಾನಿಸುತ್ತಾಳಂತೆ. ಇದನ್ನು ಲಕೋಟೆಗೆ ಹಾಕುವಾಗ ಒಲೆಯ ಕಡೆಯಿಂದ ಇನ್ನೊಂದು ಮಾತು ಬಂತು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ:

"ಭಾವನಿಗೆ ಬರೋಕೆ ಹೇಳು. ಈ ಸಲ ಚಪ್ಪಲಿ ಬಿಟ್ಟು ಒಳಗೆ ಬರಬೇಕು ಅಂತ ಬರಿ."

ಗುಬ್ಬಿ